ಒಂಬತ್ತು ಪರ್ಸೆಂಟ್ ಎಂದರೆ ಬರೀ ಒಂದು ಅಂಕದ ಪ್ರಶ್ನೆಯಲ್ಲ

ನಮ್ಮ ಪಿ.ಜಿ. ರೂಮಿನಲ್ಲಿ ನನ್ನ ಜೊತೆ ಇರುವ ಸೀನಿಯರ್ ಅಣ್ಣ ಹೋದ ವರ್ಷವೇ ಬಿ.ಇ. ಮುಗಿಸಿದ. ಕ್ಯಾಂಪಸ್‌ನಲ್ಲಿ ಕೆಲಸ ಸಿಗಲಿಲ್ಲ. ಈಗ ಬ್ಯಾಂಕ್ ಪಿ.ಒ. ಪರೀಕ್ಷೆಗೆ ಓದುತ್ತಿದ್ದಾನೆ. ರಾತ್ರಿ ಊಟವಾದ ಮೇಲೆ ಅವನ ಗೈಡ್ ಹಿಡಿದುಕೊಂಡು ಪ್ರಶ್ನೆ ಕೇಳುವುದು ನನ್ನ ಕೆಲಸ.

‘ಭಾರತದಲ್ಲಿ ವಾಣಿಜ್ಯ ಬ್ಯಾಂಕುಗಳಿಗೆ ಕನಿಷ್ಠ ಸಿಆರ್‌ಎಆರ್ ಎಷ್ಟು?’

‘ಒಂಬತ್ತು ಪರ್ಸೆಂಟ್.’

‘ಬಾಸೆಲ್ ನಿಯಮದಲ್ಲಿ?’

‘ಎಂಟು.’

‘ಮತ್ತೆ ನಮ್ಮದು ಯಾಕಣ್ಣ ಒಂದು ಜಾಸ್ತಿ?’

‘ಅದನ್ನೆಲ್ಲ ಕೇಳಲ್ಲ ಮಾರಾಯ, ಮುಂದಿನದು ಓದು.’

ನಾನು ಮುಂದಿನ ಪ್ರಶ್ನೆ ಓದಿದೆ. ಆದರೆ ತಲೆಯಲ್ಲಿ ಆ ಪ್ರಶ್ನೆಯೇ ಉಳಿಯಿತು. ಏಕೆಂದರೆ ಗೈಡಿನಲ್ಲಿ ಒಂದು ಅಂಕಕ್ಕೆ ಬರುವ ಆ ಸಂಖ್ಯೆ ನಮ್ಮ ಮನೆಗೆ ಒಂದೂವರೆ ಲಕ್ಷ ರೂಪಾಯಿಯ ವಿಷಯ.

ನಮ್ಮಪ್ಪನದು ತಾಲ್ಲೂಕು ಕೇಂದ್ರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಹತ್ತು–ಹನ್ನೆರಡು ವರ್ಷ ಉಳಿಸಿದ ಆರೂವರೆ ಲಕ್ಷ ರೂಪಾಯಿಯನ್ನು ಊರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರು. ಬೇರೆ ಬ್ಯಾಂಕಿಗಿಂತ ಒಂದು ಪರ್ಸೆಂಟ್ ಬಡ್ಡಿ ಜಾಸ್ತಿ. ಒಳಗಿದ್ದವರೆಲ್ಲ ಪರಿಚಯದವರು. ಸದಸ್ಯರಿಗೆ ಪ್ರತಿವರ್ಷ ಡಿವಿಡೆಂಡ್, ಮಹಾಸಭೆಗೆ ಹೋದವರಿಗೆ ಒಂದು ಸ್ಟೀಲ್ ಡಬ್ಬ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಬ್ಯಾಂಕಿನ ಬಾಗಿಲಿಗೆ ನೋಟಿಸ್ ಅಂಟಿಸಿದರು. ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದೆ, ಇಂತಿಷ್ಟಕ್ಕಿಂತ ಹೆಚ್ಚು ಹಣ ತೆಗೆಯುವಂತಿಲ್ಲ ಎಂದು. ಠೇವಣಿ ವಿಮೆಯ ಐದು ಲಕ್ಷ, 2021ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಕೈಗೆ ಬಂತು. ಉಳಿದ ಒಂದೂವರೆ ಲಕ್ಷ ಇನ್ನೂ ಬಂದಿಲ್ಲ. ನನ್ನ ಓದಿಗೆ ಈಗ ಶಿಕ್ಷಣ ಸಾಲವಿದೆ.

ಅಪ್ಪ ಇವತ್ತಿಗೂ ಹೇಳುವುದು ಒಂದೇ ಮಾತು: ‘ಲಾಭದಲ್ಲಿತ್ತಲ್ಲೋ ಅದು. ವರ್ಷಾ ವರ್ಷಾ ಡಿವಿಡೆಂಡ್ ಕೊಡ್ತಿತ್ತಲ್ಲೋ.’

ಲಾಭದಲ್ಲಿದ್ದ ಬ್ಯಾಂಕು ಮುಳುಗುವುದು ಹೇಗೆ? ಈ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ ಗೊತ್ತಾಗಿದ್ದೇನೆಂದರೆ, ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಲಂಡನ್, ನ್ಯೂಯಾರ್ಕ್, ಜ್ಯೂರಿಕ್‌ನಲ್ಲೂ ಇದೇ ನಡೆದಿದೆ.

ಬಂಡವಾಳ ಎಂದರೆ ಏನು?

ಮೊದಲು ನಾನೇ ಮಾಡಿದ ತಪ್ಪನ್ನು ಹೇಳುತ್ತೇನೆ. ಬ್ಯಾಂಕಿನ ‘ಬಂಡವಾಳ’ ಎಂದರೆ ಎಲ್ಲೋ ಬೀಗ ಹಾಕಿ ಇಟ್ಟ ಹಣ, ಅದನ್ನು ಸಾಲ ಕೊಡುವಂತಿಲ್ಲ ಎಂದುಕೊಂಡಿದ್ದೆ. ಹಾಗಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನಗದಾಗಿ ಇಡಬೇಕಾದದ್ದು ಸಿಆರ್‌ಆರ್. ಅದು ಬೇರೆ. ಬಂಡವಾಳ ಎಂದರೆ ಬ್ಯಾಂಕು ಕೊಟ್ಟ ಸಾಲದಲ್ಲಿ ಮಾಲೀಕರ ಸ್ವಂತ ದುಡ್ಡು ಎಷ್ಟು, ಬೇರೆಯವರ ದುಡ್ಡು ಎಷ್ಟು ಎಂಬ ಲೆಕ್ಕ. ಷೇರುದಾರರು ಹಾಕಿದ್ದು ಮತ್ತು ಲಾಭದಲ್ಲಿ ಹಂಚದೆ ಉಳಿಸಿಕೊಂಡದ್ದು ಅದರ ಮುಖ್ಯ ಭಾಗ. ಅದೂ ಸಾಲವಾಗಿ ಹೊರಗೆ ದುಡಿಯುತ್ತಲೇ ಇರುತ್ತದೆ. ನಷ್ಟವಾದರೆ ಮೊದಲು ಕರಗುವುದು ಅದು. ಅದು ಕರಗಿ ಮುಗಿದ ಮೇಲೆ ಹೊಡೆತ ಠೇವಣಿದಾರರಿಗೆ.

ಒಂದು ಸಣ್ಣ ಲೆಕ್ಕ ಹಾಕೋಣ. ಎರಡು ಬ್ಯಾಂಕುಗಳಿವೆ ಎಂದುಕೊಳ್ಳಿ. ಎರಡೂ 100 ರೂಪಾಯಿ ಸಾಲ ಕೊಟ್ಟಿವೆ, ಬಡ್ಡಿ 9 ರೂಪಾಯಿ ಬರುತ್ತದೆ. ಸಂಬಳ, ಬಾಡಿಗೆ ಎಲ್ಲ ಸೇರಿ ಖರ್ಚು 3 ರೂಪಾಯಿ 40 ಪೈಸೆ. ಠೇವಣಿಗೆ ಶೇ 5ರ ಬಡ್ಡಿ. ಮೊದಲನೆಯದರಲ್ಲಿ ಸ್ವಂತ ಹಣ 8, ಠೇವಣಿ 92. ಎರಡನೆಯದರಲ್ಲಿ ಸ್ವಂತ ಹಣ 16, ಠೇವಣಿ 84.

ಮೊದಲ ಬ್ಯಾಂಕು ಠೇವಣಿದಾರರಿಗೆ 4 ರೂಪಾಯಿ 60 ಪೈಸೆ ಕೊಡಬೇಕು. ಉಳಿಯುವ ಲಾಭ 1 ರೂಪಾಯಿ. 8 ರೂಪಾಯಿ ಹಾಕಿ 1 ರೂಪಾಯಿ ಗಳಿಸಿದರೆ ಶೇ 12.5. ಎರಡನೆಯದು ಕೊಡಬೇಕಾದ ಬಡ್ಡಿ 4 ರೂಪಾಯಿ 20 ಪೈಸೆ. ಲಾಭ 1 ರೂಪಾಯಿ 40 ಪೈಸೆ. ರೂಪಾಯಿ ಲೆಕ್ಕದಲ್ಲಿ ಜಾಸ್ತಿಯೇ. ಆದರೆ 16 ರೂಪಾಯಿಗೆ ಭಾಗಿಸಿದರೆ ಶೇ 8.75 ಮಾತ್ರ. ಮಹಾಸಭೆಯಲ್ಲಿ ಚಪ್ಪಾಳೆ ಬೀಳುವುದು ಮೊದಲ ಬ್ಯಾಂಕಿಗೆ.

ಈಗ ಒಂದು ಕೆಟ್ಟ ವರ್ಷ ಬರಲಿ. 10 ರೂಪಾಯಿ ಸಾಲ ಮುಳುಗಲಿ. ಮೊದಲ ಬ್ಯಾಂಕಿನ 8 ರೂಪಾಯಿ ಬಂಡವಾಳ, 1 ರೂಪಾಯಿ ಲಾಭ ಎರಡೂ ಹೋಗಿ ಇನ್ನೂ 1 ರೂಪಾಯಿ ಕಡಿಮೆ. ಅದು ನಮ್ಮಪ್ಪನಂಥವರ ರೂಪಾಯಿ. ಎರಡನೇ ಬ್ಯಾಂಕಿನ ಕೈಯಲ್ಲಿ ಇನ್ನೂ 7 ರೂಪಾಯಿ 40 ಪೈಸೆ ಇರುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಅದು ಎಂದಿನಂತೆ ಬಾಗಿಲು ತೆರೆಯುತ್ತದೆ.

‘ಬಂಡವಾಳದ ನಿಯಮ ಬಿಗಿಯಾದರೆ ಲಾಭ ಕಡಿಮೆಯಾಗುತ್ತದೆ’ ಎಂಬ ಬ್ಯಾಂಕುಗಳ ದೂರಿನಲ್ಲಿ ಅರ್ಧ ಇಷ್ಟೇ ಇರುವುದು. ಒಳ್ಳೆಯ ವರ್ಷದ ಶೇಕಡಾವಾರು ಇಳಿಯುತ್ತದೆ, ನಿಜ. ಕೆಟ್ಟ ವರ್ಷದ ಲೆಕ್ಕವನ್ನು ಅವರು ಹೇಳುವುದಿಲ್ಲ.

ನಾನು ಸಿವಿಲ್ ವಿದ್ಯಾರ್ಥಿ. ನಮ್ಮ ಐಎಸ್ 456 ಕೋಡ್‌ನಲ್ಲಿ ಕಾಂಕ್ರೀಟಿಗೆ 1.5, ಕಬ್ಬಿಣಕ್ಕೆ 1.15 ಎಂದು ಸುರಕ್ಷತೆಯ ಅಂಶ ಹಿಡಿದೇ ಡಿಸೈನ್ ಮಾಡಬೇಕು. ‘ಇಷ್ಟು ಕಬ್ಬಿಣ ಹಾಕಿದರೆ ನನಗೇನು ಉಳಿಯುತ್ತೆ ಸಾರ್’ ಎಂದು ಕಂಟ್ರಾಕ್ಟರ್ ಕೇಳುತ್ತಾನೆ. ಅವನಿಗೆ ಉಳಿಯುವುದು ಕಡಿಮೆಯಾಗುವುದು ಹೌದು. ಆದರೆ ಆ ಮನೆಯಲ್ಲಿ ಮಲಗುವವನು ಅವನಲ್ಲ.

ಎಂಟು ಎಲ್ಲಿಂದ ಬಂತು?

1974ರ ಜೂನ್‌ನಲ್ಲಿ ಪಶ್ಚಿಮ ಜರ್ಮನಿಯ ಹೆರ್‌ಸ್ಟಾಟ್ ಎಂಬ ಬ್ಯಾಂಕು ಮುಚ್ಚಿತು. ಅದರ ಪೆಟ್ಟು ಬೇರೆ ದೇಶಗಳ ಬ್ಯಾಂಕುಗಳಿಗೂ ಬಿತ್ತು. ಅದೇ ವರ್ಷದ ಕೊನೆಗೆ ಹತ್ತು ಪ್ರಮುಖ ದೇಶಗಳ ಗುಂಪಿನ ಕೇಂದ್ರ ಬ್ಯಾಂಕುಗಳು ಸೇರಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಒಂದು ಸಮಿತಿ ಮಾಡಿಕೊಂಡವು. 1988ರಲ್ಲಿ ಆ ಸಮಿತಿ ಶೇ 8 ಎಂದು ನಿಗದಿಪಡಿಸಿತು. 2008ರ ಬಿಕ್ಕಟ್ಟಿನ ನಂತರ 2010ರಲ್ಲಿ ಬಾಸೆಲ್–3 ಬಂತು. 8ರ ಮೇಲೆ ಇನ್ನೂ 2.5 ಹೆಚ್ಚುವರಿ ಇಟ್ಟುಕೊಳ್ಳಬೇಕೆಂದಿತು. ನಮ್ಮ ರಿಸರ್ವ್ ಬ್ಯಾಂಕ್ 9 ಮತ್ತು 2.5 ಸೇರಿಸಿ 11.5 ಎನ್ನುತ್ತದೆ. ಬಾಸೆಲ್ ಹೇಳುವುದು ಕನಿಷ್ಠ ಮಾತ್ರ. ಅದಕ್ಕಿಂತ ಬಿಗಿ ಮಾಡಿಕೊಳ್ಳುವುದು ಆಯಾ ದೇಶಕ್ಕೆ ಬಿಟ್ಟದ್ದು. ಅಣ್ಣನಿಗೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಇದು.

ಈ ಶೇಕಡಾವಾರು ನೇರವಾಗಿ ಸಾಲದ ಮೊತ್ತದ ಮೇಲಲ್ಲ. ಪ್ರತಿ ಸಾಲಕ್ಕೂ ಅಪಾಯಕ್ಕೆ ತಕ್ಕ ತೂಕ ಹಾಕುತ್ತಾರೆ. ಸರ್ಕಾರಿ ಬಾಂಡ್ ಆದರೆ ಕಡಿಮೆ, ಆಧಾರವಿಲ್ಲದ ಸಾಲವಾದರೆ ಹೆಚ್ಚು. ಇದು ನಮಗೂ ತಾಗುತ್ತದೆ. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಬ್ಯಾಂಕುಗಳು ಕೊಡುವ ಪರ್ಸನಲ್ ಲೋನ್‌ನಂಥ ಗ್ರಾಹಕ ಸಾಲಗಳ ತೂಕವನ್ನು 100ರಿಂದ 125ಕ್ಕೆ, ಕ್ರೆಡಿಟ್ ಕಾರ್ಡ್ ಬಾಕಿಯ ತೂಕವನ್ನು 125ರಿಂದ 150ಕ್ಕೆ ಏರಿಸಿತು. ಮನೆ ಸಾಲ, ವಾಹನ ಸಾಲ, ಚಿನ್ನದ ಸಾಲಗಳ ಜೊತೆ ಶಿಕ್ಷಣ ಸಾಲವನ್ನೂ ಅದರಿಂದ ಹೊರಗಿಟ್ಟಿತು. ನನ್ನ ಸಾಲ ಅದರಲ್ಲಿ ಉಳಿಯಿತು.

ದೇಶ ದೇಶದ ಪಾಠ

ಬ್ರಿಟನ್ನಿನ ನಾರ್ದರ್ನ್ ರಾಕ್ ಮನೆ ಸಾಲದ ಬ್ಯಾಂಕು. 2007ರಲ್ಲಿ ಹೊಸ ಲೆಕ್ಕದ ವಿಧಾನಕ್ಕೆ ಅನುಮತಿ ಸಿಕ್ಕಿದಾಗ ಅದರ ಸಾಲಗಳ ತೂಕ ಕಡಿಮೆಯಾಗಿ, ಕಾಗದದ ಮೇಲೆ ಬಂಡವಾಳ ಹೆಚ್ಚಾದಂತೆ ಕಂಡಿತು. ಜುಲೈನಲ್ಲಿ ಅದು ಷೇರುದಾರರ ಮಧ್ಯಂತರ ಲಾಭಾಂಶವನ್ನು ಶೇ 30ರಷ್ಟು ಏರಿಸಿತು. ಸೆಪ್ಟೆಂಬರ್ 14ರ ಬೆಳಿಗ್ಗೆ ಅದರ ಶಾಖೆಗಳ ಮುಂದೆ ಹಣ ವಾಪಸ್ ಪಡೆಯುವವರ ಸಾಲು ನಿಂತಿತ್ತು. 2008ರ ಫೆಬ್ರುವರಿಯಲ್ಲಿ ಸರ್ಕಾರ ಅದನ್ನು ರಾಷ್ಟ್ರೀಕರಣ ಮಾಡಬೇಕಾಯಿತು. ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮೂರ ಮಹಾಸಭೆಯ ಸ್ಟೀಲ್ ಡಬ್ಬ.

ಅಮೆರಿಕದ ಲೇಮನ್ ಬ್ರದರ್ಸ್ 2007ರಲ್ಲಿ ಸುಮಾರು 420 ಕೋಟಿ ಡಾಲರ್ ಲಾಭ ತೋರಿಸಿತು. ಅದರ ಇತಿಹಾಸದಲ್ಲೇ ದಾಖಲೆ. ಆಗ ಅದರ ಒಟ್ಟು ಆಸ್ತಿ ಸ್ವಂತ ಬಂಡವಾಳದ ಸುಮಾರು 30 ಪಟ್ಟು ಇತ್ತು. ಅಂದರೆ ಆಸ್ತಿಯ ಬೆಲೆ ನೂರಕ್ಕೆ ಮೂರೂವರೆ ಇಳಿದರೆ ಸ್ವಂತದ್ದೆಲ್ಲ ಖಾಲಿ. 2008ರ ಸೆಪ್ಟೆಂಬರ್ 15ರಂದು ಅದು ದಿವಾಳಿ ಅರ್ಜಿ ಹಾಕಿತು. ಪಕ್ಕದ ಕೆನಡಾದಲ್ಲಿ ಬ್ಯಾಂಕುಗಳ ಆಸ್ತಿ ಬಂಡವಾಳದ ಸಾಮಾನ್ಯವಾಗಿ 20 ಪಟ್ಟು ಮೀರಬಾರದೆಂಬ ಮಿತಿ ಮೊದಲಿನಿಂದಲೂ ಇತ್ತು. ಆ ಬಿಕ್ಕಟ್ಟಿನಲ್ಲಿ ಅಲ್ಲಿನ ಯಾವ ದೊಡ್ಡ ಬ್ಯಾಂಕೂ ಮುಳುಗಲಿಲ್ಲ.

ಬಿಕ್ಕಟ್ಟಿನ ನಂತರದ್ದು ಇನ್ನೂ ಸ್ಪಷ್ಟ. ಅಮೆರಿಕ 2009ರಲ್ಲೇ 19 ದೊಡ್ಡ ಬ್ಯಾಂಕುಗಳನ್ನು ಪರೀಕ್ಷೆಗೆ ಒಡ್ಡಿ, ಕೊರತೆ ಇದ್ದ 10 ಬ್ಯಾಂಕುಗಳಿಗೆ ಸುಮಾರು 7,500 ಕೋಟಿ ಡಾಲರ್ ಬಂಡವಾಳ ತುಂಬಿಸಿಕೊಳ್ಳಿ ಎಂದಿತು. ಯುರೋಪ್ ತಡಮಾಡಿತು. ಅಲ್ಲಿನ ಡೆಕ್ಸಿಯಾ ಬ್ಯಾಂಕು 2011ರ ಜುಲೈನ ಪರೀಕ್ಷೆಯಲ್ಲಿ ಪಾಸಾಗಿ, ಅಕ್ಟೋಬರ್‌ನಲ್ಲಿ ಸರ್ಕಾರಗಳ ನೆರವು ಬೇಡಿತು. ಮುಂದಿನ ವರ್ಷಗಳಲ್ಲಿ ಹೆಚ್ಚು ಲಾಭ ಮಾಡಿದ್ದು ಅಮೆರಿಕದ ಬ್ಯಾಂಕುಗಳೇ. ಬಂಡವಾಳ ಒಂದೇ ಅದಕ್ಕೆ ಕಾರಣವಲ್ಲ. ಯುರೋಪಿನಲ್ಲಿ ವಸೂಲಾಗದ ಸಾಲ ಹೆಚ್ಚಿತ್ತು, 2014ರಿಂದ ಯುರೋಪಿಯನ್ ಕೇಂದ್ರ ಬ್ಯಾಂಕಿನ ಬಡ್ಡಿ ದರ ಸೊನ್ನೆಗಿಂತ ಕೆಳಗಿತ್ತು. ಆದರೆ ಬೇಗ ಬಂಡವಾಳ ತುಂಬಿಕೊಂಡವರು ಲಾಭದಲ್ಲಿ ಹಿಂದೆ ಬೀಳಲಿಲ್ಲ ಎಂಬುದಂತೂ ಕಣ್ಣಿಗೆ ಕಾಣುತ್ತದೆ.

ಬಹಳ ಹಿಂದೆಯೇ, 1999ರಲ್ಲಿ, ಅಸ್ಲಿ ದೆಮಿರ್ಗುಚ್–ಕುಂಟ್ ಮತ್ತು ಹ್ಯಾರಿ ಹೈಜಿಂಗಾ ಎಂಬ ಅರ್ಥಶಾಸ್ತ್ರಜ್ಞರು 80 ದೇಶಗಳ ಬ್ಯಾಂಕುಗಳ 1988ರಿಂದ 1995ರವರೆಗಿನ ಲೆಕ್ಕ ನೋಡಿ ಪ್ರಬಂಧ ಪ್ರಕಟಿಸಿದ್ದರು. ಬಂಡವಾಳ ಚೆನ್ನಾಗಿರುವ ಬ್ಯಾಂಕುಗಳು ಹೆಚ್ಚು ಲಾಭದಲ್ಲಿರುವುದು ಅವರಿಗೆ ಕಂಡಿತು. ಗಟ್ಟಿಯಾದ ಬ್ಯಾಂಕಿಗೆ ಜನ ಕಡಿಮೆ ಬಡ್ಡಿಗೂ ಹಣ ಕೊಡುತ್ತಾರೆ ಎಂಬುದು ಒಂದು ಕಾರಣ. ಲಾಭ ಮಾಡುವ ಬ್ಯಾಂಕೇ ಬಂಡವಾಳ ಉಳಿಸಿಕೊಳ್ಳುತ್ತದೆ ಎಂದೂ ತಿರುಗಿಸಿ ಹೇಳಬಹುದು. ಏನೇ ಇರಲಿ, ಬಂಡವಾಳ ಲಾಭದ ಶತ್ರು ಎಂಬ ಮಾತಂತೂ ಅಲ್ಲಿ ನಿಲ್ಲುವುದಿಲ್ಲ.

ನಮ್ಮ ಕರಾವಳಿಯ ಎರಡು ಬ್ಯಾಂಕುಗಳು

ದೂರ ಯಾಕೆ ಹೋಗಬೇಕು? ನಮ್ಮ ಕರಾವಳಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳನ್ನೇ ನೋಡಿ. 1906ರಲ್ಲಿ ಉಡುಪಿಯಲ್ಲಿ ಶುರುವಾದ ಕಾರ್ಪೊರೇಷನ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ಶುರುವಾದ ವಿಜಯಾ ಬ್ಯಾಂಕ್. 2017–18ರಲ್ಲಿ ಸಾರ್ವಜನಿಕ ವಲಯದ 21 ಬ್ಯಾಂಕುಗಳ ಒಟ್ಟು ನಷ್ಟ ₹85 ಸಾವಿರ ಕೋಟಿಗೂ ಹೆಚ್ಚು. ಆ ವರ್ಷ ಲಾಭ ತೋರಿಸಿದ್ದು ಎರಡೇ, ಇಂಡಿಯನ್ ಬ್ಯಾಂಕ್ ಮತ್ತು ವಿಜಯಾ ಬ್ಯಾಂಕ್. ಕಾರ್ಪೊರೇಷನ್ ಬ್ಯಾಂಕ್ ನಷ್ಟದಲ್ಲಿತ್ತು. ರಿಸರ್ವ್ ಬ್ಯಾಂಕಿನ ‘ತ್ವರಿತ ಸರಿಪಡಿಸುವ ಕ್ರಮ’ದ ಪಟ್ಟಿ ಸೇರಿದ 11 ಸರ್ಕಾರಿ ಬ್ಯಾಂಕುಗಳಲ್ಲಿ ಅದೂ ಒಂದಾಗಿತ್ತು.

ಒಂದೇ ದೇಶ, ಒಂದೇ ವರ್ಷ, ಒಂದೇ ಬಂಡವಾಳದ ನಿಯಮ. ಆದರೂ ಒಂದಕ್ಕೆ ಲಾಭ, ಇನ್ನೊಂದಕ್ಕೆ ನಷ್ಟ. ಹಾಗಾದರೆ ಲಾಭವನ್ನು ತೀರ್ಮಾನಿಸಿದ್ದು ನಿಯಮವೋ, ಯಾರಿಗೆ ಸಾಲ ಕೊಟ್ಟರು ಎಂಬುದೋ?

ಕೊನೆಗೆ ಖಾಲಿಯಾದ ಬಂಡವಾಳವನ್ನು ತುಂಬಿದ್ದು ಯಾರು? 2016–17ರಿಂದ 2020–21ರವರೆಗಿನ ಐದು ವರ್ಷಗಳಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಕೇಂದ್ರ ಸರ್ಕಾರ ತುಂಬಿದ ಬಂಡವಾಳ ಸುಮಾರು ₹3.10 ಲಕ್ಷ ಕೋಟಿ. ಅದರ ಹೊರೆ ತೆರಿಗೆ ಕಟ್ಟುವ ಎಲ್ಲರ ಮೇಲೆ. ಬಂಡವಾಳ ತುಂಬಿದ್ದು, ಹಳೆಯ ಸಾಲಗಳನ್ನು ವಸೂಲು ಮಾಡಿದ್ದು ಮತ್ತು ಪುಸ್ತಕದಿಂದ ತೆಗೆದುಹಾಕಿದ್ದು, ಎಲ್ಲ ಸೇರಿ ಲೆಕ್ಕ ಶುದ್ಧವಾಯಿತು. 2023–24ರಲ್ಲಿ ಇದೇ ಬ್ಯಾಂಕುಗಳ ಒಟ್ಟು ಲಾಭ ₹1.41 ಲಕ್ಷ ಕೋಟಿ, ಮರುವರ್ಷ ₹1.78 ಲಕ್ಷ ಕೋಟಿ. 2024ರ ಮಾರ್ಚ್‌ನಲ್ಲಿ ದೇಶದ ಷೆಡ್ಯೂಲ್ಡ್ ವಾಣಿಜ್ಯ ಬ್ಯಾಂಕುಗಳ ಒಟ್ಟಾರೆ ಸಿಆರ್‌ಎಆರ್ ಶೇ 16.8 ಇತ್ತು. ಕನಿಷ್ಠಕ್ಕಿಂತ ಎಷ್ಟೋ ಜಾಸ್ತಿ. ಬಂಡವಾಳ ಹೆಚ್ಚಿದ್ದರಿಂದ ಲಾಭ ಸತ್ತುಹೋಗಲಿಲ್ಲ.

ಕೆಲಸ ಹುಡುಕುವವರಿಗೂ ಇದರಲ್ಲಿ ವಿಷಯವಿದೆ. ಆ ಕ್ರಮದ ಪಟ್ಟಿಗೆ ಸೇರಿದ ಬ್ಯಾಂಕಿಗೆ ಲಾಭಾಂಶ ಹಂಚಲು, ಹೊಸ ಶಾಖೆ ತೆರೆಯಲು ನಿರ್ಬಂಧ ಬೀಳುತ್ತದೆ. ಶಾಖೆ ತೆರೆಯದ ಬ್ಯಾಂಕು ಯಾರನ್ನು ನೇಮಿಸಿಕೊಳ್ಳುತ್ತದೆ? ಕಾರ್ಪೊರೇಷನ್ ಬ್ಯಾಂಕ್ 2019ರಲ್ಲಿ ಪಟ್ಟಿಯಿಂದ ಹೊರಬಂದರೂ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಲಾಭದಲ್ಲಿದ್ದ ವಿಜಯಾ ಬ್ಯಾಂಕ್ ಕೂಡ ಅದಕ್ಕೂ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಗಿತ್ತು. ಅದು ಬೇರೆಯೇ ನೋವಿನ ವಿಷಯ, ಇನ್ನೊಮ್ಮೆ ಮಾತಾಡೋಣ.

ಬಂಡವಾಳವೊಂದೇ ಸಾಕೇ?

ಸಾಲದು. ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವೀಸ್ ಬ್ಯಾಂಕಿನಲ್ಲಿ 2022ರ ಕೊನೆಗೆ ಪ್ರಮುಖ ಬಂಡವಾಳವೇ ಶೇ 14.1 ಇತ್ತು. ನಿಯಮದ ಪ್ರಕಾರ ಡಿಸ್ಟಿಂಕ್ಷನ್. ಆದರೆ ಆ ವರ್ಷ ಅದರ ನಷ್ಟ 730 ಕೋಟಿ ಫ್ರಾಂಕ್. ಒಂದರ ಮೇಲೊಂದು ಹಗರಣದಿಂದ ಗ್ರಾಹಕರ ನಂಬಿಕೆ ಮೊದಲೇ ಹೋಗಿತ್ತು. 2023ರ ಮಾರ್ಚ್‌ನಲ್ಲಿ ಯುಬಿಎಸ್ ಅದನ್ನು 300 ಕೋಟಿ ಫ್ರಾಂಕಿಗೆ ಕೊಂಡುಕೊಂಡಿತು. ಲಾಭವೇ ಇಲ್ಲದ ಬ್ಯಾಂಕಿಗೆ ಬಂಡವಾಳ ಎಷ್ಟಿದ್ದರೂ ಸೋರುವ ಟ್ಯಾಂಕಿಗೆ ನೀರು ತುಂಬಿದ ಹಾಗೆ.

ಅತಿಯಾದ ಬಿಗಿಯಿಂದ ಸಾಲ ದುಬಾರಿಯಾಗುತ್ತದೆ ಎಂಬ ವಾದವನ್ನೂ ನಾನು ತಳ್ಳಿಹಾಕುವುದಿಲ್ಲ. ನ್ಯೂಜಿಲೆಂಡ್ 2019ರ ಡಿಸೆಂಬರ್‌ನಲ್ಲಿ ತನ್ನ ನಾಲ್ಕು ದೊಡ್ಡ ಬ್ಯಾಂಕುಗಳಿಗೆ ಹಂತಹಂತವಾಗಿ ಶೇ 18ಕ್ಕೆ ಏರಬೇಕೆಂದು ಹೇಳಿತು. ಸಾಲದ ಬಡ್ಡಿ ಏರುತ್ತದೆ, ರೈತರಿಗೆ ಸಣ್ಣ ಉದ್ದಿಮೆಗಳಿಗೆ ತೊಂದರೆ ಎಂಬ ದೂರು ಬಂತು. 2025ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ತಾನೇ ಆ ನಿಯಮವನ್ನು ಮರುಪರಿಶೀಲನೆಗೆ ಎತ್ತಿಕೊಂಡಿತು. ನಾಳೆ ನಾನು ಸಣ್ಣ ಕಂಪನಿ ಶುರು ಮಾಡಲು ಸಾಲ ಕೇಳಿದಾಗ ಈ ಪ್ರಶ್ನೆ ನನಗೂ ಬರುತ್ತದೆ. ಬಿಲ್ಡಿಂಗಿಗೆ ಬೇಕಾದ್ದಕ್ಕಿಂತ ಹತ್ತು ಪಟ್ಟು ಕಬ್ಬಿಣ ಹಾಕು ಎಂದು ಯಾವ ಕೋಡೂ ಹೇಳುವುದಿಲ್ಲ. ಎಷ್ಟು ಎಂಬುದರ ಬಗ್ಗೆ ಜಗಳವಾಡೋಣ. ‘ಅದು ದಂಡದ ಖರ್ಚು’ ಎಂಬ ಮಾತನ್ನು ಮಾತ್ರ ಒಪ್ಪುವುದು ಬೇಡ.

ನಾವು ಏನು ಮಾಡಬಹುದು?

ಮೊದಲ ಸಂಬಳ ಬಂದಾಗ ನಾವೆಲ್ಲ ಯಾವುದೋ ಬ್ಯಾಂಕಿನಲ್ಲಿ ದುಡ್ಡಿಡುತ್ತೇವೆ, ಕೆಲವರು ಬ್ಯಾಂಕ್ ಷೇರನ್ನೂ ಕೊಳ್ಳುತ್ತೇವೆ. ಆ್ಯಪ್‌ನಲ್ಲಿ ಲಾಭದ ಶೇಕಡಾವಾರು ದಪ್ಪ ಅಕ್ಷರದಲ್ಲಿರುತ್ತದೆ. ಅದರ ಜೊತೆ ಇನ್ನೆರಡು ಸಂಖ್ಯೆ ನೋಡುವುದನ್ನು ರೂಢಿ ಮಾಡಿಕೊಳ್ಳೋಣ: ಸಿಆರ್‌ಎಆರ್ ಎಷ್ಟು, ನಿವ್ವಳ ಎನ್‌ಪಿಎ ಎಷ್ಟು. ಎರಡೂ ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ಇರುತ್ತವೆ. ಸಹಕಾರಿ ಬ್ಯಾಂಕಾದರೆ ಮಹಾಸಭೆಯ ಪುಸ್ತಕದಲ್ಲಿ ಹುಡುಕಿ. ಒಂದು ಪರ್ಸೆಂಟ್ ಬಡ್ಡಿ ಯಾಕೆ ಜಾಸ್ತಿ ಕೊಡುತ್ತಾರೆ ಎಂದು ಕೇಳಿ. ಒಂದೇ ಬ್ಯಾಂಕಿನಲ್ಲಿ ಐದು ಲಕ್ಷಕ್ಕಿಂತ ಹೆಚ್ಚಿದ್ದರೆ, ಅದರ ಮೇಲಿನದಕ್ಕೆ ಠೇವಣಿ ವಿಮೆ ಇಲ್ಲ ಎಂಬುದನ್ನು ಮನೆಯವರಿಗೆ ಹೇಳಿ.

ಬ್ಯಾಂಕ್ ಪರೀಕ್ಷೆ ಬರೆಯುವ ಗೆಳೆಯರಿಗೆ ಇನ್ನೊಂದು ಮಾತು. ನಾಳೆ ಕೌಂಟರಿನ ಆ ಕಡೆ ಕೂರುವವರು ನೀವೇ. ಒಂಬತ್ತು ಎಂದು ಬಾಯಿಪಾಠ ಮಾಡುವಾಗ, ಅದು ಈ ಕಡೆ ನಿಂತವನ ದುಡ್ಡಿಗೂ ನಷ್ಟಕ್ಕೂ ನಡುವೆ ಇರುವ ಗೋಡೆಯ ದಪ್ಪ ಎಂದು ನೆನಪಿರಲಿ.

ಹೋದ ಸಲ ಊರಿಗೆ ಹೋದಾಗ ಎಂಟು ಮತ್ತು ಹದಿನಾರು ರೂಪಾಯಿಯ ಆ ಲೆಕ್ಕವನ್ನು ಅಪ್ಪನಿಗೆ ಅಂಗಡಿಯ ಬಿಲ್ ಪುಸ್ತಕದ ಹಿಂದೆ ಬರೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿದರು. ‘ಹಾಗಾದ್ರೆ ಆ ಡಿವಿಡೆಂಡು, ಸ್ಟೀಲ್ ಡಬ್ಬ ಎಲ್ಲ ನಮ್ಮ ದುಡ್ಡನ್ನೇ ನಮಗೆ ಕೊಟ್ಟಂಗಾಯ್ತು ಅನ್ನು’ ಎಂದರು. ಪೂರ್ತಿ ಹಾಗಲ್ಲ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಒಂದೂವರೆ ಲಕ್ಷ ಕಳೆದುಕೊಂಡವರಿಗೆ ಅಷ್ಟು ಅರ್ಥವಾದರೆ ಸಾಕು ಅನಿಸಿತು.